ಗೋಡೆಯ ಮೇಲಿನ ಪಟವೂ ಹರಳಯ್ಯನ ಚಮ್ಮಾವುಗೆಯೂ

ಕೊಳ್ಳೇಗಾಲವನ್ನು ಬಿಟ್ಟು ಹನೂರು, ಅಜ್ಜೀಪುರಗಳ ಕಡೆಗೆ ನಡೆಯುವ ಭಕ್ತನು ಮಲೆಯ ಮಾದಪ್ಪನ ಸೀಮೆಯಲ್ಲಿ ಕಾಲಿಟ್ಟಿರುತ್ತಾನೆ. ಇಲ್ಲಿನ ಮನೆಗಳ ಪಡಸಾಲೆಯಲ್ಲಿ ಸಾಮಾನ್ಯವಾಗಿ ಕಾಣುವ ಪಟಗಳು ಎರಡು: ಹುಲಿಯನ್ನೇರಿ ಬರುತ್ತಿರುವ ಮಲೆ ಮಹದೇಶ್ವರರದು ಒಂದು, ವಿಭೂತಿ ರುದ್ರಾಕ್ಷಿಗಳಿಂದ ಶೋಭಿಸುವ ಬಸವಣ್ಣನವರದು ಇನ್ನೊಂದು. ಕೆಲವು ಸದ್ಭಕ್ತರ ಮನೆಗಳಲ್ಲಿ ಮೂರನೆಯದೂ ಉಂಟು. ಅದರಲ್ಲಿ ಹರಳಯ್ಯ ದಂಪತಿಗಳು ಬಸವಣ್ಣನವರ ಮುಂದೆ ಚಮ್ಮಾವುಗೆಗಳನ್ನು ಹಿಡಿದು ನಿಂತಿರುತ್ತಾರೆ. ಹಬ್ಬದ ದಿನ ಮನೆಯವರು ಪಟಗಳ ಧೂಳು ಒರೆಸಿ ಹೂವಿನ ಮಾಲೆ ಹಾಕುತ್ತಾರೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತೆಂದು ಅನೇಕರ ಭಾವನೆ.

ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ಗೋಡೆಯ ಪಟದಿಂದ ಆಗಬೇಕಾದುದೇನು ಎಂಬ ಪ್ರಶ್ನೆಯನ್ನು ಕೆಲವರು ಎತ್ತುವುದುಂಟು. ಅದು ಸರಿಯಾದ ಪ್ರಶ್ನೆಯೇ. ಪೂಜೆಯ ಸ್ಥಾನ ಕರಸ್ಥಲ. ಗುರುವು ಪಟಕ್ಕೆ ದೀಕ್ಷೆ ಕೊಡುವುದಿಲ್ಲ. ಇಷ್ಟಲಿಂಗಕ್ಕೆ ಕಣ್ಣು ಮೂಗುಗಳಿಲ್ಲ, ವಾಹನವಿಲ್ಲ, ಆಯುಧವಿಲ್ಲ. ಆದಕಾರಣ ಅದರ ಹಿಂದೆ ಹೇಳಬೇಕಾದ ಕಥೆಯೂ ಇಲ್ಲ. ಪಟದ ರೀತಿ ಇದಕ್ಕೆ ವಿರುದ್ಧವಾದುದು. ಅದರಲ್ಲಿ ಇರುವುದೆಲ್ಲವೂ ಕಥೆಯೇ. ಹುಲಿ ಏಕೆ, ಚಮ್ಮಾವುಗೆ ಏಕೆ, ಮೈಯನ್ನು ಮುಚ್ಚಿದ ಕೇಶರಾಶಿ ಏಕೆ ಎಂದು ಕೇಳದೆ ಪಟಕ್ಕೆ ಕೈಮುಗಿದವನು ಪುಸ್ತಕವನ್ನು ತೆರೆಯದೆ ಅದರ ರಟ್ಟಿಗೆ ಗಂಧ ಹಚ್ಚಿದವನಂತೆಯೇ ಸರಿ. ಪಟವನ್ನು ಓದಬೇಕು.

ಹಿಂದಿನ ಕಾಲದಲ್ಲಿ ಈ ಓದು ಸುಲಭವಾಗಿತ್ತು. ಚಿತ್ರವು ಮನೆಯ ಗೋಡೆಗೆ ಬರುವುದಕ್ಕೆ ಮುಂಚೆ ದೇವಾಲಯದ ಒಳಛಾವಣಿಯಲ್ಲಿ ಇದ್ದಿತು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನು ಪಟ್ಟಾಭಿಷೇಕದ ಸಮಯದಲ್ಲಿ, ಎಂದರೆ 1510ರ ಸುಮಾರಿಗೆ, ಕಟ್ಟಿಸಿದ ರಂಗಮಂಟಪದ ಛಾವಣಿಯನ್ನು ನೋಡಬೇಕು. ತಪಸ್ಸಿನಲ್ಲಿರುವ ಶಿವನತ್ತ ಮನ್ಮಥನು ಬಾಣ ಹೂಡಿದ್ದಾನೆ. ಶಿವನು ತ್ರಿಪುರಗಳನ್ನು ಸುಡಲು ರಥವೇರಿದ್ದಾನೆ. ಅದೇ ಛಾವಣಿಯಲ್ಲಿ ಗಿರಿಜಾ ಕಲ್ಯಾಣವೂ ನಡೆಯುತ್ತಿದೆ. ಕತ್ತೆತ್ತಿ ಒಂದು ಚಿತ್ರದಿಂದ ಮತ್ತೊಂದಕ್ಕೆ ಕಣ್ಣು ಹಾಯಿಸಿದರೆ ಶಿವಕಥೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಕರ್ನಾಟಕದ ಗಡಿಯಾಚೆ, ಹಿಂದೂಪುರದ ಬಳಿಯ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಈ ಕ್ರಮ ಇನ್ನೂ ಸ್ಪಷ್ಟವಾಗಿದೆ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸಹೋದರರ ಆಶ್ರಯದಲ್ಲಿ ಬೆಳೆದ ದೇವಾಲಯವಿದು. ಇಲ್ಲಿ ಮನುನೀತಿ ಚೋಳನ ಕಥೆಯನ್ನು ಬರೆದಿದ್ದಾರೆ. ರಾಜಕುಮಾರನ ರಥದ ಗಾಲಿಗೆ ಸಿಕ್ಕಿ ಒಂದು ಕರು ಸಾಯುತ್ತದೆ. ತಾಯಿಹಸು ಅರಮನೆಗೆ ಬಂದು ನ್ಯಾಯದ ಗಂಟೆಯನ್ನು ಬಾರಿಸುತ್ತದೆ. ಅರಸನು ಮಗನೆಂದು ನೋಡದೆ, ಅದೇ ರೀತಿಯಲ್ಲಿ ಅವನ ಪ್ರಾಣವನ್ನೂ ತೆಗೆಯಬೇಕೆಂದು ತೀರ್ಪು ಕೊಡುತ್ತಾನೆ. ಕೊನೆಗೆ ಶಿವನು ಪ್ರತ್ಯಕ್ಷನಾಗಿ ಕರುವನ್ನೂ ಕುಮಾರನನ್ನೂ ಎಬ್ಬಿಸುತ್ತಾನೆ. ಈ ಕಥೆಯಿಂದ ಶಿವನು ಪ್ರತ್ಯಕ್ಷನಾದ ಒಂದು ಗಳಿಗೆಯನ್ನಷ್ಟೇ ಕಿತ್ತು ಚೌಕಟ್ಟು ಹಾಕಿಸಿದರೆ ನೋಡುವವನಿಗೆ ವರಪ್ರಸಾದ ಕಾಣಿಸುತ್ತದೆ. ಹಸುವಿನ ದೂರು ಕಾಣಿಸುವುದಿಲ್ಲ, ತಂದೆಯ ಸಂಕಟವೂ ಕಾಣಿಸುವುದಿಲ್ಲ.

ಹೀಗೆ ಕಿತ್ತು ಚೌಕಟ್ಟು ಹಾಕುವ ಕಾಲವೇ ಮುಂದೆ ಬಂದಿತು. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಬಣ್ಣದ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದನು. ಅಲ್ಲಿಯವರೆಗೆ ಅರಮನೆಗಳಲ್ಲೂ ಶ್ರೀಮಂತರ ಮನೆಗಳಲ್ಲೂ ಇದ್ದ ದೇವತೆಗಳ ವರ್ಣಚಿತ್ರಗಳು ಅಗ್ಗದ ಬೆಲೆಗೆ ಬಡವನ ಗುಡಿಸಲಿಗೂ ಬಂದವು. ದೇವಾಲಯದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ದೇವರ ರೂಪ ಬಂದದ್ದು ಸಣ್ಣ ಉಪಕಾರವಲ್ಲ. ಮುಂದೆ ಕ್ಯಾಲೆಂಡರುಗಳು ಹಬ್ಬಿದವು. ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ (1916–1993) ಪೌರಾಣಿಕ ಚಿತ್ರಗಳು ಈ ದಾರಿಯಿಂದಲೇ ದೇಶದ ಮೂಲೆ ಮೂಲೆಗೆ ಹೋದವು. ಆದರೆ ಅಚ್ಚಿನ ಒಂದು ಹಾಳೆಯಲ್ಲಿ ಒಂದು ಗಳಿಗೆಗೆ ಮಾತ್ರ ಎಡೆಯುಂಟು. ಚಿತ್ರಕಾರನು ಕಣ್ಣಿಗೆ ಅತ್ಯಂತ ರಮ್ಯವಾದ ಗಳಿಗೆಯನ್ನು ಆರಿಸುತ್ತಾನೆ. ಕಥೆಯ ತಿರುಳು ಇರುವುದು ಬಹುಮಟ್ಟಿಗೆ ಬೇರೊಂದು ಗಳಿಗೆಯಲ್ಲಿ.

ಅಕ್ಕಮಹಾದೇವಿಯವರ ಪಟವನ್ನು ತೆಗೆದುಕೊಳ್ಳಬಹುದು. ಮೊಣಕಾಲಿನವರೆಗೆ ಇಳಿದ ಕೂದಲು, ಕೈಯಲ್ಲಿ ಲಿಂಗ, ಸುತ್ತಲೂ ಕಾಡು. ಇಷ್ಟನ್ನು ಎಲ್ಲರೂ ಬಲ್ಲರು. ಆ ಕೂದಲು ಅಲಂಕಾರವಲ್ಲ. ಅರಿವೆಯನ್ನು ತೊರೆದವಳು ಕೂದಲಿನಿಂದ ಮೈ ಮುಚ್ಚುವುದೇಕೆ ಎಂದು ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ನೇರವಾಗಿ ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಕ್ಕನವರು ಅಂಜದೆ ಉತ್ತರ ಕೊಟ್ಟರು. ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಪರೀಕ್ಷೆಗೆ ನಿಂತು ಗೆದ್ದ ಗುರುತು ಆ ಕೇಶರಾಶಿ. ಪಟದಲ್ಲಿ ಕೂದಲು ಉಳಿದಿದೆ, ಪ್ರಶ್ನೆ ಉಳಿದಿಲ್ಲ.

ಇನ್ನು ಮಾದಪ್ಪನ ಪಟ. ಮಹದೇಶ್ವರರು 14–15ನೆಯ ಶತಮಾನದವರೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅವರ ಚರಿತ್ರೆಯನ್ನು ಕಾಪಾಡಿಕೊಂಡು ಬಂದವರು ಕಂಸಾಳೆ ಹಿಡಿದು ರಾತ್ರಿಯೆಲ್ಲ ಹಾಡುವ ದೇವರಗುಡ್ಡರು. ಆ ಹಾಡು ಶ್ರವಣನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು ಎಂದು ಸಾಲುಗಳಾಗಿ ಹರಿಯುತ್ತದೆ. ಪಿ. ಕೆ. ರಾಜಶೇಖರ ಅವರು ಈ ಮೌಖಿಕ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಗ್ರಂಥರೂಪಕ್ಕೆ ತಂದರು. ಹಾಡನ್ನು ಕೇಳಿದವನಿಗೆ ಪಟದ ಬಡತನ ಒಡನೆಯೇ ತಿಳಿಯುತ್ತದೆ. ಹಾಡಿನ ಮಾದಪ್ಪನು ಮಠದಲ್ಲಿ ರಾಶಿ ರಾಗಿ ಬೀಸುತ್ತಾನೆ. ಪಟದಲ್ಲಿ ಬೀಸುಕಲ್ಲು ಇಲ್ಲ. ಗಂಡನ ಸಂಶಯಕ್ಕೆ ಸಿಕ್ಕಿ, ಕಾಡಿನ ಗುಡಿಸಲಿನಲ್ಲಿ ಒಂಟಿಯಾಗಿ ಸೆರೆಬಿದ್ದ ಸಂಕಮ್ಮನ ಮೊರೆಯನ್ನು ಕೇಳಿ ಅವಳ ಬಾಗಿಲಿಗೆ ಬರುತ್ತಾನೆ. ಪಟದಲ್ಲಿ ಸಂಕಮ್ಮ ಇಲ್ಲ. ಹುಲಿ ಮಾತ್ರ ಇದೆ. ಕಾಡಿನ ಕ್ರೌರ್ಯವೂ ಶಿವಶರಣನ ಮುಂದೆ ತಲೆಬಾಗುತ್ತದೆಂಬ ಅರ್ಥ ಅದಕ್ಕುಂಟು, ಸುಳ್ಳಲ್ಲ. ಆದರೆ ಹುಲಿಗಿಂತ ಕ್ರೂರನಾದವನ ಕಥೆ ಹಾಡಿನಲ್ಲಿದೆ.

ಅವನೇ ಶ್ರವಣಾಸುರ. ದೇವತೆಗಳನ್ನೆಲ್ಲ ಸೆರೆಯಿಟ್ಟು ತನ್ನ ಊಳಿಗಕ್ಕೆ ಹಚ್ಚಿಕೊಂಡವನು. ಇವನನ್ನು ಕೊಲ್ಲಲು ಮಾದಪ್ಪನು ತ್ರಿಶೂಲವನ್ನು ಎತ್ತಲಿಲ್ಲ, ಹುಲಿಯನ್ನು ಬಿಡಲಿಲ್ಲ. ಮಾದಿಗರ ಹರಳಯ್ಯನ ಬಳಿಗೆ ಹೋದನು. ಹರಳಯ್ಯನ ಕೈಯಿಂದ ಅರಗಿನ ಚಮ್ಮಾವುಗೆಗಳು ಸಿದ್ಧವಾದವು. ಅವುಗಳ ಅಂದಕ್ಕೆ ಮರುಳಾದ ಶ್ರವಣನು ಮೆಟ್ಟಿಕೊಂಡು ಕಾದ ಬಂಡೆಯ ಮೇಲೆ ಕಾಲಿಟ್ಟನು. ಅರಗು ಕರಗಿ ಕಾಲನ್ನು ಹಿಡಿಯಿತು, ಅಸುರನು ಅಲ್ಲಿಯೇ ಉರಿದುಹೋದನು. ಎಂದರೆ, ಮಾದಪ್ಪನ ಚರಿತ್ರೆಯ ದೊಡ್ಡ ಗೆಲುವು ಒಬ್ಬ ಚರ್ಮಕಾರನ ಕಾಯಕದಿಂದ ಆದುದು. ಹುಲಿಯ ಪಟದಲ್ಲಿ ಎಲ್ಲಿ ಹುಡುಕಿದರೂ ಅವನು ಸಿಕ್ಕುವುದಿಲ್ಲ.

ಇಲ್ಲಿ ಓದುಗರಿಗೆ ಪಕ್ಕದ ಪಟದ ನೆನಪು ಬಂದಿರಬೇಕು. ಅಲ್ಲಿಯೂ ಹರಳಯ್ಯನಿದ್ದಾನೆ, ಅಲ್ಲಿಯೂ ಚಮ್ಮಾವುಗೆ ಇದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ಬೀದಿಯಲ್ಲಿ ಬಸವಣ್ಣನವರಿಗೆ ಶರಣು ಎಂದರಂತೆ. ಮಂತ್ರಿಯಾದ ಬಸವಣ್ಣನವರು ಮರಳಿ ಶರಣು ಶರಣಾರ್ಥಿ ಎಂದರು. ಒಂದು ಶರಣಿಗೆ ಎರಡು ಶರಣು ಬಂದ ಋಣವನ್ನು ತೀರಿಸಲಾರದೆ ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆಗಳನ್ನು ಮಾಡಿ ತಂದರು. ಬಸವಣ್ಣನವರು ಅವುಗಳನ್ನು ಮೆಟ್ಟಲಿಲ್ಲ. ತಲೆಯ ಮೇಲೆ ಇಟ್ಟುಕೊಂಡರು. ಇದು ಪುರಾಣದ ಮಾತು, ಇತಿಹಾಸವಲ್ಲ ಎನ್ನುವವರು ಇದ್ದಾರೆ. ಇರಲಿ. ಮೆಟ್ಟು ತಲೆಗೇರಿತೆಂದು ಹೇಳುವ ಧೈರ್ಯ ಒಂದು ಸಮಾಜಕ್ಕೆ ಬಂದಿತ್ತೆಂಬುದಂತೂ ಇತಿಹಾಸವೇ.

ಕಾಲದಲ್ಲಿ ಈ ಇಬ್ಬರು ಹರಳಯ್ಯರೂ ಬೇರೆ ಬೇರೆ. ಕಲ್ಯಾಣದ ಹೆಸರು ಜನರ ಬಾಯಿಂದ ಬಾಯಿಗೆ ಸಾಗಿ ಮಲೆಯ ಹಾಡಿನಲ್ಲಿ ಬಂದು ನೆಲೆಸಿತೆಂದು ಊಹಿಸುವುದು ತಪ್ಪಾಗಲಾರದು. ಅಲ್ಲಿ ಭಕ್ತನ ತಲೆಗೇರಿದ ಚಮ್ಮಾವುಗೆಯೇ ಇಲ್ಲಿ ದುರುಳನ ಕಾಲನ್ನು ಸುಟ್ಟಿತು. ಒಂದೇ ಗೋಡೆಯ ಮೇಲೆ ಎರಡು ಪಟಗಳು ಅಕ್ಕಪಕ್ಕದಲ್ಲಿ ತೂಗುತ್ತಿರುವಾಗ ಅವುಗಳ ನಡುವೆ ಕಾಣದ ದಾರವಾಗಿ ಇರುವುದು ಈ ಕಾಯಕ.

ಈ ದಾರ ಗೃಹಸ್ಥನ ಹೊಸ್ತಿಲಿಗೂ ಬಂದು ಮುಟ್ಟುತ್ತದೆ. ಪಟದ ಹರಳಯ್ಯನವರಿಗೆ ಮಾಲೆ ಹಾಕುವ ಮನೆಗೆ, ಊರಿನಲ್ಲಿ ಅದೇ ಕಾಯಕ ಮಾಡುವವನು ಬಂದರೆ ಎಲ್ಲಿಯವರೆಗೆ ಬರುತ್ತಾನೆ? ಜಗುಲಿಯವರೆಗೋ, ಪಡಸಾಲೆಯವರೆಗೋ? ಅವನಿಗೆ ನೀರು ಕೊಡುವ ಚೊಂಬು ಯಾವುದು? ಪಟವನ್ನು ಓದಲು ಕಲಿತ ಮಗು ಈ ಪ್ರಶ್ನೆಯನ್ನು ಒಂದು ದಿನ ಹಿರಿಯರಿಗೆ ಹಾಕಿಯೇ ಹಾಕುತ್ತದೆ. ಉತ್ತರವನ್ನು ಬಾಯಿಂದ ಹೇಳಿದರೆ ಸಾಲದು.

ಬಸವಣ್ಣನವರ ಪಟದ ಬಗ್ಗೆಯೂ ಒಂದು ಮಾತು. ಅವರ ಜೀವಿತಕಾಲದಲ್ಲಿ ಬರೆದ ಭಾವಚಿತ್ರ ಯಾವುದೂ ದೊರೆತಿಲ್ಲ. ಇಂದು ಕಾಣುವ ಮುಖ ಚಿತ್ರಕಾರರ ಭಕ್ತಿಯಿಂದ ಮೂಡಿದುದು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳ ಜೊತೆಗೂಡಿ ಬಸವ ಜಯಂತಿಯನ್ನು ಆರಂಭಿಸಿದ ಮೇಲೆ ಮೆರವಣಿಗೆಗೂ ಸಭೆಗೂ ಭಾವಚಿತ್ರ ಬೇಕಾಯಿತು. 2024ರಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವನ್ನು ಇಡಲು ಆದೇಶಿಸಿತು. ಮುಖ ಎಲ್ಲೆಡೆಗೂ ಹೋಯಿತು. ಆ ಮುಖ ಬೀದಿಯಲ್ಲಿ ಯಾರಿಗೆ ಎರಡು ಸಲ ಶರಣು ಎಂದಿತೆಂಬುದನ್ನು ಹೇಳುವ ಹೊಣೆ ಮನೆಯ ಹಿರಿಯರದು.

ಹರಳಯ್ಯನವರ ಕಥೆ ಚಮ್ಮಾವುಗೆಯಲ್ಲಿ ಮುಗಿಯುವುದಿಲ್ಲ. ಅವರ ಮಗ ಶೀಲವಂತನಿಗೂ, ಬ್ರಾಹ್ಮಣ ಮಂತ್ರಿಯಾಗಿದ್ದು ಶರಣನಾದ ಮಧುವರಸನ ಮಗಳು ಲಾವಣ್ಯವತಿಗೂ ವಿವಾಹವಾಯಿತು. ವರ್ಣಸಂಕರವಾಯಿತೆಂಬ ದೂರು ಬಿಜ್ಜಳನ ಆಸ್ಥಾನವನ್ನು ಮುಟ್ಟಿತು. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಅವರನ್ನು ಎಳೆಸಿದರು. ಜಾತ್ರೆಯಲ್ಲಿ ಮಾರುವ ಪಟಗಳಲ್ಲಿ ಚಮ್ಮಾವುಗೆ ಅರ್ಪಿಸುವ ದೃಶ್ಯ ದೊರೆಯುತ್ತದೆ. ಎಳೆಹೂಟೆಯ ಚಿತ್ರವನ್ನು ಪಡಸಾಲೆಯಲ್ಲಿ ತೂಗುಹಾಕಿದ ಮನೆ ಕಾಣಸಿಗುವುದು ಅಪರೂಪ.