ರಿಪೇರಿಗೆ ಯಾರೂ ಇಎಂಐ ಕೊಡುವುದಿಲ್ಲ

2023ರ ಆಷಾಢದ ಒಂದು ಶನಿವಾರ ನಮ್ಮ ವಾಷಿಂಗ್ ಮಷೀನ್ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. ಗರಗರ ಶುರುವಾಗಿ ತಿಂಗಳಾಗಿತ್ತು. ಅಂದು ಮಾತ್ರ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು ಏನಾಯಿತೆಂದು ಕೇಳಿದರು. 2017ರ ದೀಪಾವಳಿಗೆ ಕೊಂಡ ಫ್ರಂಟ್ ಲೋಡ್ ಅದು. ಕಂಪನಿಯಿಂದ ಬಂದ ಹುಡುಗ ಬಾಗಿಲು ತೆಗೆದು ಡ್ರಮ್ಮನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿದ. “ಬೇರಿಂಗ್ ಹೋಗಿದೆ ಸರ್. ಇದ್ರಲ್ಲಿ ಬೇರಿಂಗ್ ಒಂದೇ ಬರಲ್ಲ, ಟಬ್ ಪೂರ್ತಿ ಹಾಕ್ಬೇಕು” ಅಂದ. ಅಂದಾಜು 13,800 ರೂಪಾಯಿ. ಹೋಗುವಾಗ ಬಾಗಿಲಲ್ಲಿ ನಿಂತು, “ಇದಕ್ಕೆ ಇಷ್ಟು ಹಾಕೋ ಬದಲು ಹೊಸದೇ ನೋಡಿ ಸರ್” ಅಂತಲೂ ಸೇರಿಸಿದ.

ಬಕೆಟ್‌ನಲ್ಲಿ ನೀರು ಸೋರುತ್ತಿದ್ದ ಎರಡು ಬೆಡ್‌ಶೀಟು, ಮಕ್ಕಳ ಯೂನಿಫಾರ್ಮು. ಹೊರಗೆ ಬಿಡದ ಜಿಟಿಜಿಟಿ ಮಳೆ. ಸಂಜೆ ಏಳಕ್ಕೆ ನಾನೂ ನನ್ನ ಹೆಂಡತಿಯೂ ಆಷಾಢ ಸೇಲ್ ನಡೆಯುತ್ತಿದ್ದ ಅಂಗಡಿಯಲ್ಲಿದ್ದೆವು. “ರೀ, ಸೋಮವಾರ ಇನ್ನೊಬ್ಬರಿಗೆ ತೋರಿಸಿದ್ರೆ ಆಗಲ್ವಾ?” ಎಂದು ಆಕೆ ಕೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸದರ ಬೆಲೆ 36,500, ಹಳೆಯದಕ್ಕೆ ಎಕ್ಸ್‌ಚೇಂಜ್ 2,000. ಉಳಿದ 34,500 ಕ್ರೆಡಿಟ್ ಕಾರ್ಡಿನ ಮೇಲೆ ಹನ್ನೆರಡು ತಿಂಗಳ ನೋ ಕಾಸ್ಟ್ ಇಎಂಐ, ತಿಂಗಳಿಗೆ 2,875.

ಅಂದು ನನ್ನ ತಲೆಯಲ್ಲಿ ನಡೆದದ್ದು 13,800ಕ್ಕೂ 34,500ಕ್ಕೂ ಹೋಲಿಕೆಯಲ್ಲ, 13,800ಕ್ಕೂ 2,875ಕ್ಕೂ ಹೋಲಿಕೆ. ರಿಪೇರಿಯ ದುಡ್ಡನ್ನು ಅಂದೇ ಕೈಯಿಂದ ಕೊಡಬೇಕು. ಹೊಸದನ್ನು ಬರಿಗೈಯಲ್ಲಿ ಹೋಗಿಯೂ ತರಬಹುದು. ತಿಂಗಳ ಕೊನೆಯಲ್ಲಿ ಖಾತೆ ತೆಳ್ಳಗಿದ್ದ ಮನೆಗೆ ಅಗ್ಗದ ದಾರಿಯೇ ಕಷ್ಟದ್ದು, ದುಬಾರಿ ದಾರಿಯೇ ಸಲೀಸು. ಮಧ್ಯಮ ವರ್ಗದ ಮನೆಗಳಿಂದ ಇನ್ನೂ ಓಡುವ ಯಂತ್ರಗಳು ಗುಜರಿಗೆ ಹೋಗುವುದಕ್ಕೆ ಇದೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಅದೇ ವರ್ಷ ದಸರೆ ರಜೆಯಲ್ಲಿ ಮೇಲಿನ ಮನೆಯ ಆಂಟಿಯ ಮಷೀನೂ ಅದೇ ಸದ್ದು ಮಾಡಿತು. ಅದೇ ಮಾಡೆಲ್, ಹೆಚ್ಚು ಕಡಿಮೆ ಅದೇ ವಯಸ್ಸು. ಅವರು ಕರೆಸಿದ್ದು ಬಡಾವಣೆಯ ಮೆಕ್ಯಾನಿಕ್‌ನನ್ನು. ತಾರಸಿಯ ಮೇಲೆ ಅವನು ಮಾಡಿದ ಕೆಲಸವನ್ನು ನಾನು ಪೂರ್ತಿ ನಿಂತು ನೋಡಿದೆ. ಟಬ್ಬಿನ ಎರಡು ಹೋಳುಗಳನ್ನು ಕಾರ್ಖಾನೆಯಲ್ಲೇ ಅಂಟಿಸಿಬಿಟ್ಟಿರುತ್ತಾರೆ, ಬಿಚ್ಚಲು ಸ್ಕ್ರೂ ಇಲ್ಲ. ಆ ಬೆಸುಗೆಯ ಗುಂಟ ಗರಗಸದ ಬ್ಲೇಡಿನಲ್ಲಿ ಸುತ್ತಲೂ ಕೊಯ್ದು ಡ್ರಮ್ಮನ್ನು ಹೊರತೆಗೆದ. ಡ್ರಮ್ಮಿನ ಬೆನ್ನಿಗಿದ್ದ ಮೂರು ಕಾಲಿನ ಅಲ್ಯೂಮಿನಿಯಂ ಸ್ಪೈಡರ್ ಮೇಲೆ ಬೋರ್‌ವೆಲ್ ನೀರಿನ ಸುಣ್ಣವೂ ಸೋಪಿನ ಪುಡಿಯೂ ಸೇರಿ ಗಟ್ಟಿಯಾದ ಬಿಳಿ ಪರೆ. ಆಯಿಲ್ ಸೀಲ್ ಸವೆದು ನೀರು ಒಳಗಿಳಿದಿತ್ತು. ಕಂಬಿಯಿಟ್ಟು ಸುತ್ತಿಗೆಯಲ್ಲಿ ಬಡಿದು ಉದುರಿಸಿದ ಬೇರಿಂಗ್ ಅಂಗೈಯಷ್ಟೂ ದೊಡ್ಡದಿರಲಿಲ್ಲ. ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ಸಿಕ್ಕಂತೆ ಕರಕರ, ಕೈಗೆಲ್ಲ ಕಂದು ತುಕ್ಕು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಿಂದ ತಂದ ಎರಡು ಬೇರಿಂಗ್, ಒಂದು ಸೀಲ್, ಟಬ್ಬಿನ ಸುತ್ತ ಸ್ಕ್ರೂ, ಸಿಲಿಕೋನ್ ಪೇಸ್ಟ್. ಒಂದು ದಿನ ಒಣಗಲು ಬಿಟ್ಟ. ಕೂಲಿ ಸೇರಿ 4,500.

ಅಂದು ರಾತ್ರಿ ಕೂತು ಹಾಕಿದ ಲೆಕ್ಕವನ್ನು ಆ ಶನಿವಾರವೇ ಹಾಕಬೇಕಿತ್ತು. ನೋ ಕಾಸ್ಟ್ ಎಂದರೂ ಬ್ಯಾಂಕ್ 16% ಬಡ್ಡಿ ಹಾಕುತ್ತದೆ. ಆ 2,813 ರೂಪಾಯಿಯನ್ನು ಅಂಗಡಿ ರಿಯಾಯಿತಿಯಾಗಿ ಮುಂಚೆಯೇ ಕಳೆದಿರುತ್ತದೆ. ಬಡ್ಡಿಯ ಮೇಲಿನ 18% ಜಿಎಸ್‌ಟಿ, ಅಂದರೆ 506, ನಮ್ಮ ತಲೆಗೇ. ಪ್ರೊಸೆಸಿಂಗ್ ಫೀ ತೆರಿಗೆ ಸೇರಿ 235. ಅಲ್ಲಿಗೆ 35,241. ಬಿಲ್ಲಿಂಗ್ ಕೌಂಟರಿನಲ್ಲಿ ಒಪ್ಪಿಕೊಂಡ ಎಕ್ಸ್‌ಟೆಂಡೆಡ್ ವಾರಂಟಿ 3,499. ಒಟ್ಟು 38,740. ಎಂಟು ವರ್ಷ ಬಾಳಿತು ಎಂದುಕೊಂಡರೆ ವರ್ಷಕ್ಕೆ 4,843. ಈಗ ಇದರಿಂದ ರಿಪೇರಿಯನ್ನು ಅಳೆಯಿರಿ. ಆಂಟಿಯ 4,500 ವಸೂಲಾಗಲು ಅವರ ಮಷೀನ್ ಹನ್ನೊಂದು ತಿಂಗಳು ಓಡಿದರೆ ಸಾಕಿತ್ತು, ಅದು ಇಂದಿಗೂ ಓಡುತ್ತಿದೆ. ನನಗೆ ವಿಪರೀತ ಎನ್ನಿಸಿದ್ದ ಕಂಪನಿಯ 13,800 ಕೂಡ ಎರಡು ವರ್ಷ ಹತ್ತು ತಿಂಗಳಲ್ಲಿ ಸರಿದೂಗುತ್ತಿತ್ತು. ಹೊಸ ಟಬ್ಬು, ಹೊಸ ಬೇರಿಂಗು, ಹೊಸ ಸೀಲು ಬಿದ್ದ ಯಂತ್ರ ಅಷ್ಟು ಬಾಳದೇ? ನಮ್ಮ ನೀರಿಗೆ ಹೊಸದೂ ಆರೇ ವರ್ಷ ಎಂದುಕೊಂಡರೆ ಅದರ ವರ್ಷದ ಖರ್ಚು 6,457ಕ್ಕೆ ಏರಿ ರಿಪೇರಿಯ ಪಕ್ಷ ಇನ್ನೂ ಗಟ್ಟಿಯಾಗುತ್ತದೆ. ಆದರೆ ಸ್ಪೈಡರ್ ಮುರಿದು ಡ್ರಮ್ ಟಬ್ಬಿಗೆ ಉಜ್ಜುತ್ತಿದ್ದರೆ, ಬೋರ್ಡ್ ಎರಡನೇ ಸಲ ಸುಟ್ಟಿದ್ದರೆ, ರಿಪೇರಿಯ ಆಸೆ ಬಿಟ್ಟುಬಿಡಿ.

ಆ 3,499ರ ವಾರಂಟಿಯನ್ನು ಮಾತ್ರ ನನ್ನಿಂದ ಕ್ಷಮಿಸಲಾಗುತ್ತಿಲ್ಲ. ಮೊದಲ ವರ್ಷ ಕಂಪನಿಯದೇ ಇರುತ್ತದೆ, ಇದು ಎರಡನೇ ಮತ್ತು ಮೂರನೇ ವರ್ಷಕ್ಕೆ. ನನ್ನ ಬೇರಿಂಗ್ ಹೋಗಿದ್ದು ಆರನೇ ವರ್ಷದಲ್ಲಿ! ಮನೆಗೆ ಬಂದಮೇಲೆ ಷರತ್ತು ಓದಿದೆ. ರಬ್ಬರ್ ಗ್ಯಾಸ್ಕೆಟ್ ಇಲ್ಲ, ಪ್ಲಾಸ್ಟಿಕ್ ಇಲ್ಲ, ಪೈಪ್ ಇಲ್ಲ, ತುಕ್ಕು ಹಿಡಿದರೆ ಇಲ್ಲ, ವೋಲ್ಟೇಜ್ ಏರುಪೇರಾದರೆ ಇಲ್ಲ, ಇಲಿ ಕಡಿದರೆ ಇಲ್ಲ. ಬೆಂಗಳೂರಿನ ಯುಟಿಲಿಟಿಯಲ್ಲಿ ನಿಂತ ಮಷೀನಿಗೆ ಇವನ್ನು ಬಿಟ್ಟು ಇನ್ನೇನು ಆಗುತ್ತದೆ? ಮೇಲೆ ಅಂಟಿಸಿರುವ “10 ವರ್ಷ” ಎಂಬ ಸ್ಟಿಕ್ಕರ್ ಮೋಟಾರಿಗೆ ಮಾತ್ರ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಕೌಂಟರಿನಲ್ಲಿ ಮಾರುವ ಈ ವಾರಂಟಿಯ ಬಗ್ಗೆಯೂ ಯಾರಾದರೂ ಅಷ್ಟೇ ನೇರವಾಗಿ ಹೇಳಬೇಕು. ರಿಪೇರಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಬೆಸುಗೆ ಹಾಕಿದ ಟಬ್ಬು ಬಿಚ್ಚುವುದು ಮಾತ್ರ ಇವತ್ತಿಗೂ ಗರಗಸದಿಂದಲೇ.

ಇನ್ನೊಂದು ನಷ್ಟ ಯಾವ ಬಿಲ್ಲಿನಲ್ಲೂ ಇಲ್ಲ. ಇಎಂಐಗೆ ಜಾಗ ಮಾಡಲು 3,000ದ ಎಸ್‌ಐಪಿ ನಿಲ್ಲಿಸಿದೆ. ಇಎಂಐ ಮುಗಿಯಿತು, ಎಸ್‌ಐಪಿ ಮತ್ತೆ ಶುರುವಾಗಲು ಇನ್ನೂ ಏಳು ತಿಂಗಳು ಹಿಡಿಯಿತು. ಆ 21,000 ಎಲ್ಲಿ ಹೋಯಿತೆಂದು ಸ್ಟೇಟ್‌ಮೆಂಟ್ ತಿರುವಿ ಹಾಕಿದರೂ ಸಿಗುವುದಿಲ್ಲ. ಕೊಳ್ಳುವ ದಿನವೇ ಇಎಂಐ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಂದಿನ ತಿಂಗಳಿನಿಂದ ಎಸ್‌ಐಪಿ ತಾನೇ ಶುರುವಾಗುವಂತೆ ಬ್ಯಾಂಕಿಗೆ ಬರೆದುಕೊಡಿ.

ಇನ್ನು ಮಷೀನಿನ ಬಾಳಿಕೆಯ ಮಾತು. ಸೋಪಿನ ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಬಿಳುಪಾಗುವುದಿಲ್ಲ, ಪರೆ ಕಟ್ಟುತ್ತದೆ. ನಾವು ಹಾಕುತ್ತಿದ್ದುದರ ಅರ್ಧ ಸಾಕಾಯಿತು. ಒಗೆದಾದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದಿಡಿ, ಗ್ಯಾಸ್ಕೆಟ್ಟಿನ ಮಡಿಕೆ ಒರೆಸಿ, ತಿಂಗಳಿಗೊಮ್ಮೆ ಕೆಳಗಿನ ಫಿಲ್ಟರ್ ತಿರುಗಿಸಿ ತೆಗೆಯಿರಿ. ಕಂಬಳಿ, ರಗ್ಗು ತುರುಕಬೇಡಿ. ನಮ್ಮ ಅಜ್ಜಿ ಒಗೆಯುವ ಕಲ್ಲನ್ನೂ ಕೆಲಸ ಮುಗಿದ ಮೇಲೆ ತೊಳೆದು ಬರುತ್ತಿದ್ದರು.

ಈಗ ಮನೆಯ ಯಂತ್ರಗಳಿಗೆಂದೇ ತಿಂಗಳಿಗೆ 500ರ ಒಂದು ಆರ್‌ಡಿ ಕಟ್ಟುತ್ತಿದ್ದೇನೆ. ರಿಪೇರಿಯ ದುಡ್ಡು ಕೈಯಲ್ಲೇ ಇದ್ದರೆ ಸೋಮವಾರದವರೆಗೆ ಕಾಯುವುದು ಕಷ್ಟವಾಗುವುದಿಲ್ಲ. ಮೊದಲ ವರ್ಷದ್ದು ಕೈಗೆ ಬಂದಮೇಲೆ ಅದರಲ್ಲಿ 1,150 ಫ್ರಿಜ್ಜಿನ ಥರ್ಮೋಸ್ಟಾಟ್‌ಗೆ ಹೋಯಿತು. ಫ್ರಿಜ್ 2014ರದ್ದು.