ಶಾಲೆ ಬಿಟ್ಟವರಿಗೆ ಅಮೆರಿಕದ ಹಿಂಬಾಗಿಲುಗಳು

ಪ್ರಶ್ನೆ: ಅಮೆರಿಕದ ಸಿನಿಮಾಗಳಲ್ಲಿ ಓದು ಅರ್ಧಕ್ಕೆ ಬಿಟ್ಟ ಪಾತ್ರಗಳು ‘ಜಿಇಡಿ ಮಾಡ್ಕೋತೀನಿ’ ಎನ್ನುವುದನ್ನು ಕೇಳಿದ್ದೇನೆ. ಇದು ನಮ್ಮ ಎಕ್ಸ್‌ಟರ್ನಲ್ ಎಸ್ಸೆಸ್ಸೆಲ್ಸಿ ಇದ್ದ ಹಾಗೆಯೇ? ಶಾಲೆಗೆ ಹೋಗದೆ ಹೈಸ್ಕೂಲ್ ಡಿಪ್ಲೊಮಾ ಪಡೆಯಲು ಅಲ್ಲಿ ಬೇರೆ ದಾರಿಗಳೂ ಇವೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಉದ್ದೇಶ ಒಂದೇ, ಆದರೆ ಸಿಗುವ ಕಾಗದ ಬೇರೆ. ನಮ್ಮಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದವರಿಗೆ ಪರೀಕ್ಷೆ ನಡೆಸುವುದು ಶಾಲೆಯ ಮಕ್ಕಳಿಗೆ ನಡೆಸುವ ಮಂಡಳಿಯೇ. ಅಂಕಪಟ್ಟಿ ಕೊಡುವುದೂ ಅದೇ. ಅಮೆರಿಕದಲ್ಲಿ ಅಂಥ ಮಂಡಳಿಯೇ ಇಲ್ಲ. ಹನ್ನೆರಡನೇ ತರಗತಿ ಮುಗಿಸಿದವರಿಗೆ ಡಿಪ್ಲೊಮಾ ಕೊಡುವುದು ಅವರು ಓದಿದ ಊರಿನ ಶಾಲಾಡಳಿತ. (ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಚ್ಚುಕಡಿಮೆ ನಮ್ಮ ಪಿಯುಸಿ ಎನ್ನಬಹುದು.)

ಅದನ್ನು ಕೊಡುವುದೂ ಒಂದು ದೊಡ್ಡ ಪರೀಕ್ಷೆಯ ಮೇಲಲ್ಲ. ಒಂದು ವಿಷಯವನ್ನು ವರ್ಷವಿಡೀ ಓದಿ ಪಾಸಾದರೆ ಒಂದು ಕ್ರೆಡಿಟ್. ಹಳೆಯ ಲೆಕ್ಕದಲ್ಲಿ ಅದಕ್ಕೆ ಸುಮಾರು 120 ಗಂಟೆಗಳ ಪಾಠ ಆಗಿರಬೇಕು. ಕಾರ್ನೆಗಿ ಪ್ರತಿಷ್ಠಾನ 1906ರ ಸುಮಾರಿಗೆ ಬಳಕೆಗೆ ತಂದ ಅಳತೆ ಇದು. ನಾಲ್ಕು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ರೆಡಿಟ್ ಕೂಡಿಸಿದರೆ ಡಿಪ್ಲೊಮಾ. ನ್ಯೂಯಾರ್ಕಿನ ರೀಜೆಂಟ್ಸ್ ಪರೀಕ್ಷೆಯಂಥವು ಕೆಲವು ಕಡೆ ಇದ್ದವಾದರೂ ಅವು ಕ್ರೆಡಿಟ್ಟಿನ ಜೊತೆಗೆ, ಅದರ ಬದಲಿಗಲ್ಲ. ಹಾಗಾಗಿ ಮನೆಯಲ್ಲಿ ಓದಿಕೊಂಡು ಬಂದು ಪರೀಕ್ಷೆಗೆ ಕೂರುತ್ತೇನೆ ಎಂದರೆ, ಕೂರಲು ಪರೀಕ್ಷೆಯೇ ಇರಲಿಲ್ಲ.

ಆ ಪರೀಕ್ಷೆಯನ್ನು ಹುಟ್ಟಿಸಿದ್ದು ಯುದ್ಧ. ಎರಡನೇ ಮಹಾಯುದ್ಧಕ್ಕೆಂದು ಹೈಸ್ಕೂಲ್ ಬಿಟ್ಟು ಹೋದ ಹುಡುಗರು ಮರಳಿ ಬಂದು ಹದಿನಾರರ ಮಕ್ಕಳ ಪಕ್ಕದಲ್ಲಿ ಕೂರುವುದು ಆಗದ ಮಾತು. 1942ರಲ್ಲಿ ಅವರಿಗಾಗಿ ಪರೀಕ್ಷೆ ರೂಪಿಸುವ ಕೆಲಸ ಶುರುವಾಯಿತು. ಅಯೋವಾದ ಪರೀಕ್ಷಾತಜ್ಞ ಇ.ಎಫ್. ಲಿಂಡ್‌ಕ್ವಿಸ್ಟ್ ಅದರ ಮುಖ್ಯ ಶಿಲ್ಪಿ. 1947ರಲ್ಲಿ ನ್ಯೂಯಾರ್ಕ್ ರಾಜ್ಯ ಸೈನಿಕರಲ್ಲದವರಿಗೂ ಅದನ್ನು ತೆರೆಯಿತು, ಉಳಿದ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ‘ಜನರಲ್ ಎಜುಕೇಷನಲ್ ಡೆವಲಪ್‌ಮೆಂಟ್’ ಎಂಬುದೇ ಸಿನಿಮಾದವರ ಜಿಇಡಿ.

ಈಗ ಅದರಲ್ಲಿ ನಾಲ್ಕು ಪತ್ರಿಕೆಗಳು: ಭಾಷೆ, ಗಣಿತ, ವಿಜ್ಞಾನ, ಸಮಾಜ. ಎಲ್ಲ ಸೇರಿ ಏಳು ಗಂಟೆಯ ಆಸುಪಾಸು. ಒಂದೇ ದಿನ ಬರೆಯಬೇಕೆಂದಿಲ್ಲ. ಅಂಕ 100ರಿಂದ 200ರವರೆಗೆ, ಪ್ರತಿ ಪತ್ರಿಕೆಯಲ್ಲೂ 145 ಬಂದರೆ ಪಾಸು. 16 ತುಂಬದವರಿಗೆ ಅವಕಾಶವಿಲ್ಲ. 16, 17ರವರಿಗೆ ರಾಜ್ಯಕ್ಕೊಂದು ಷರತ್ತು.

ಪಾಸಾದವರಲ್ಲಿ ನನಗೆ ಇಷ್ಟವಾಗುವವರು ಡೇವ್ ಥಾಮಸ್. ಹದಿನೈದಕ್ಕೆ ಶಾಲೆ ಬಿಟ್ಟು, ಮುಂದೆ ವೆಂಡೀಸ್ ಎಂಬ ಹ್ಯಾಂಬರ್ಗರ್ ಸರಪಳಿ ಕಟ್ಟಿ ಕೋಟ್ಯಧಿಪತಿಯಾದವರು. ತನ್ನನ್ನು ನೋಡಿ ಹುಡುಗರು ಓದು ಬಿಟ್ಟಾರು ಎಂಬ ಅಳುಕಿನಿಂದ 1993ರಲ್ಲಿ, ಅರವತ್ತು ದಾಟಿದ ಮೇಲೆ, ಫ್ಲಾರಿಡಾದಲ್ಲಿ ಜಿಇಡಿ ಮುಗಿಸಿದರು. ಅಲ್ಲಿನ ಕೋಕೋನಟ್ ಕ್ರೀಕ್ ಹೈಸ್ಕೂಲಿನ ಮಕ್ಕಳು ಅವರನ್ನು ‘ಮುಂದೆ ಬರುವ ಲಕ್ಷಣವಿರುವವರು’ ಎಂದು ಮತ ಹಾಕಿ ಆರಿಸಿದರಂತೆ! ತಮಾಷೆಗೆ ಇದಕ್ಕಿಂತ ಒಳ್ಳೆಯ ಪಾತ್ರ ಎಲ್ಲಿ ಸಿಗಬೇಕು?

ಎಲ್ಲರ ಕಥೆಯೂ ಹೀಗಿಲ್ಲ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಜಿಇಡಿಯವರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬುದ್ಧಿಪರೀಕ್ಷೆಗಳಲ್ಲಿ ಇವರು ಕಾಲೇಜಿಗೆ ಹೋಗದ ಡಿಪ್ಲೊಮಾದವರಿಗೆ ಸಮನಾಗಿ ನಿಲ್ಲುತ್ತಾರೆ, ಸಂಪಾದನೆಯಲ್ಲಿ ಮಾತ್ರ ಶಾಲೆ ಬಿಟ್ಟವರ ಹತ್ತಿರವೇ ಉಳಿಯುತ್ತಾರೆ ಎಂಬುದು ಅವರು ಕಂಡದ್ದು. ನಾಲ್ಕು ವರ್ಷ ಬೆಳಿಗ್ಗೆ ಎದ್ದು ಹೋಗಿ, ಬೇಸರವಾದರೂ ಕೂತು, ಹಿಡಿದದ್ದನ್ನು ಮುಗಿಸುವ ಗುಣವನ್ನು ಏಳು ಗಂಟೆಯ ಪರೀಕ್ಷೆ ಅಳೆಯಲಾರದು ಎಂಬುದು ಅವರ ವಿವರಣೆ. ಸೇನೆಯ ಭರ್ತಿಯಲ್ಲೂ ಡಿಪ್ಲೊಮಾದವರಿಗೆ ಮೊದಲ ಸಾಲು, ಜಿಇಡಿಯವರಿಗೆ ಎರಡನೆಯದು. ಸೈನಿಕರಿಗೆಂದೇ ಹುಟ್ಟಿದ ಪರೀಕ್ಷೆಯ ಗತಿ ನೋಡಿ. ಹೊಟ್ಟೆಪಾಡಿಗಾಗಿಯೋ ಎಳೆ ವಯಸ್ಸಿನಲ್ಲೇ ತಾಯಿಯಾಗಿಯೋ ಶಾಲೆ ಬಿಟ್ಟವರನ್ನು ಹಿಡಿತವಿಲ್ಲದವರು ಎನ್ನಲು ನನಗೆ ಮನಸ್ಸು ಬಾರದು. ಆದರೆ ಕೆಲಸ ಕೊಡುವವನು ಕಾರಣ ಕೇಳುತ್ತಾ ಕೂರುವುದಿಲ್ಲ, ಕಾಗದ ನೋಡುತ್ತಾನೆ.

ಹಾಗಾಗಿಯೇ, ಪರೀಕ್ಷೆಯ ಬದಲು ನಿಜವಾದ ಡಿಪ್ಲೊಮಾವನ್ನೇ ಕೊಡುವ ದಾರಿಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಕ್ಯಾಲಿಫೋರ್ನಿಯಾದಂಥ ಕಡೆ ವಯಸ್ಕರ ಶಾಲೆಗಳಿವೆ. ಹಳೆಯ ಶಾಲೆಯಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ಜಮಾ ಹಿಡಿದು, ಬಾಕಿ ಇರುವಷ್ಟನ್ನೇ ಸಂಜೆ ತರಗತಿಯಲ್ಲಿ ಓದಿಸುತ್ತವೆ. ಎರಡೇ ವಿಷಯ ಉಳಿಸಿಕೊಂಡವರು ಜಿಇಡಿಯ ನಾಲ್ಕು ಪತ್ರಿಕೆಗೆ ಕೂರುವುದು ದಡ್ಡತನ. 2014ರಲ್ಲಿ ಲಾಸ್ ಏಂಜಲೀಸಿನ ಸಾರ್ವಜನಿಕ ಗ್ರಂಥಾಲಯ ಮಾನ್ಯತೆ ಪಡೆದ ಆನ್‌ಲೈನ್ ಶಾಲೆಯೊಂದರ ಮೂಲಕ ವಯಸ್ಕರಿಗೆ ಡಿಪ್ಲೊಮಾ ಕೊಡಿಸಲು ಮುಂದಾಯಿತು. ಲೈಬ್ರರಿ ಕಾರ್ಡ್ ಹಿಡಿದು ಹೈಸ್ಕೂಲ್ ಮುಗಿಸುವುದು!

ಎಲ್ಲಕ್ಕಿಂತ ವಿಶೇಷವಾದದ್ದು 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ‘ನ್ಯಾಷನಲ್ ಎಕ್ಸ್‌ಟರ್ನಲ್ ಡಿಪ್ಲೊಮಾ ಪ್ರೋಗ್ರಾಂ’. ಅಲ್ಲಿ ತರಗತಿಯೂ ಇಲ್ಲ, ನಾವಂದುಕೊಳ್ಳುವಂಥ ಪರೀಕ್ಷೆಯೂ ಇಲ್ಲ. ಮನೆಯ ಖರ್ಚುವೆಚ್ಚ, ಆರೋಗ್ಯ, ನಾಗರಿಕ ವಿಚಾರಗಳಂಥ ವಿಷಯಗಳಲ್ಲಿ ಕೆಲಸ ಕೊಡುತ್ತಾರೆ. ಅದನ್ನು ತಮ್ಮ ಬಿಡುವಿನಲ್ಲಿ ಮಾಡಿ, ಮೌಲ್ಯಮಾಪಕರ ಎದುರು ಕೂತು ಬರುತ್ತದೆಂದು ತೋರಿಸಬೇಕು. ಮೂವತ್ತೈದು ಅಂಕಕ್ಕೆ ದಾಟಿಸುವ ಪದ್ಧತಿ ಇಲ್ಲ, ಪ್ರತಿಯೊಂದೂ ಪೂರ್ತಿ ಬರಬೇಕು. ಸಂಸಾರ ನಡೆಸಿ ಪಳಗಿದವರಿಗೆ ಹೇಳಿ ಮಾಡಿಸಿದ ದಾರಿ, ಆದರೆ ಕೆಲವೇ ರಾಜ್ಯಗಳಲ್ಲಿದೆ.

ಇನ್ನು, ಮನೆಯಲ್ಲೇ ಓದಿಸುವುದು ಐವತ್ತೂ ರಾಜ್ಯಗಳಲ್ಲಿ ಕಾನೂನುಬದ್ಧ. ಎಷ್ಟೋ ಕಡೆ ಅಂಥ ಮಕ್ಕಳಿಗೆ ಡಿಪ್ಲೊಮಾ ಬರೆದುಕೊಡುವವರು ತಂದೆತಾಯಿಯೇ. ಕಾಲೇಜುಗಳು ಅದರ ಜೊತೆಗೆ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ, ಓದಿದ ವಿಷಯಗಳ ಪಟ್ಟಿ ನೋಡಿ ತೀರ್ಮಾನಿಸುತ್ತವೆ. ದುಡ್ಡು ಕಟ್ಟಿದರೆ ವಾರದೊಳಗೆ ಡಿಪ್ಲೊಮಾ ಎನ್ನುವ ಜಾಹೀರಾತುಗಳೂ ಅಲ್ಲಿ ಧಾರಾಳ. ಅವುಗಳಿಗೆ ಮಾನ್ಯತೆ ಕೊಟ್ಟವರು ಯಾರು ಎಂದು ಮೊದಲು ಕೇಳಬೇಕು.

ಅಮೆರಿಕದಲ್ಲಿರುವ ನಿಮ್ಮ ನೆಂಟರ ಮಕ್ಕಳಿಗಾಗಿ ಈ ಪ್ರಶ್ನೆ ಕೇಳಿದ್ದರೆ ಇನ್ನೊಂದು ಮಾತು. ಮುಂದೆ ಬೆಂಗಳೂರಿಗೋ ಮೈಸೂರಿಗೋ ಬಂದು ಪದವಿಗೆ ಸೇರುವ ಯೋಚನೆಯಿದ್ದರೆ, ಇಲ್ಲಿನ ವಿಶ್ವವಿದ್ಯಾಲಯ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಸಮಾನತಾ ಪ್ರಮಾಣಪತ್ರ ಕೇಳಬಹುದು. ಜಿಇಡಿಯೋ, ಮನೆಶಾಲೆಯೋ, ಆನ್‌ಲೈನ್ ಡಿಪ್ಲೊಮಾವೋ ಎಂದು ಆರಿಸುವ ಮೊದಲೇ ದೆಹಲಿಯ ಆ ಕಚೇರಿಗೂ ಸೇರಬೇಕೆಂದಿರುವ ಕಾಲೇಜಿಗೂ ಬರೆದು, ಉತ್ತರವನ್ನು ಲಿಖಿತವಾಗಿ ತರಿಸಿಕೊಳ್ಳಿ.