ಅಮ್ಮನ ಮಂಡಿಯ ಮೇಲೆ ಅಂಗೈ ಇಟ್ಟು ನೋಡು

ಪುಟ್ಟಾ,

ಮೊನ್ನೆ ಫೋನಿನಲ್ಲಿ "ಅಮ್ಮಂಗೆ ಮಂಡಿನೋವು ದೊಡ್ಡಮ್ಮ, ವಯಸ್ಸಾಯ್ತಲ್ಲ" ಅಂದೆ, ಅಷ್ಟಕ್ಕೇ ಮಾತು ಬದಲಾಯಿಸಿದೆ. ನಿಮ್ಮಮ್ಮನಿಗೆ ಇನ್ನೂ ಐವತ್ತೆರಡು. ನಿನ್ನ ಅಜ್ಜಿಯ ವಿಷಯದಲ್ಲಿ ನಾವೂ ಹೀಗೇ ಅಂದುಕೊಂಡು ಸುಮ್ಮನಿದ್ದೆವು. ಅದಕ್ಕೇ ಈ ಕಾಗದ. ತುಮಕೂರಿನಿಂದ ರೈಲು ಹತ್ತಿದ ಮೇಲೆ ನಿಧಾನವಾಗಿ ಓದು.

ಗುಬ್ಬಿ ಸೀಮೆಯ ನಮ್ಮೂರಿಗೆ ಅಡಿಕೆ ಸುಲಿಯುವ ಯಂತ್ರ ಬರುವ ಮುಂಚೆ ಆ ಕೆಲಸವೆಲ್ಲ ಹೆಂಗಸರ ಕೈಯದೇ. ಸುಗ್ಗಿಯಲ್ಲಿ ಅಜ್ಜಿ ನಸುಕಿಗೇ ಕತ್ತಿಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದದ್ದು. ಏಳುವಾಗ ಎಡಗೈ ಮಂಡಿಯ ಮೇಲೆ, ಬಲಗೈ ಗೋಡೆಯ ಮೇಲೆ. ಅಡಿಕೆಯ ಚೊಗರು ಹತ್ತಿದ ಆ ಅಂಗೈ ಗುರುತು ಸುಣ್ಣದ ಗೋಡೆಯ ಮೇಲೆ ಕಪ್ಪಗೆ ಕೂತಿತ್ತು. ಒಂದು ಯುಗಾದಿಗೆ ಅದನ್ನು ಉಜ್ಜಿ ತೆಗೆದವಳು ನಾನೇ. ಅಲ್ಲೇ ಯಾಕೆ ಬಿತ್ತು ಅಂತ ನನಗೆ ಹೊಳೆಯಲಿಲ್ಲ.

ಕುಣಿಗಲ್‌ನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ನಮ್ಮ ಚಿಕ್ಕಪ್ಪ ಬೆಳಿಗ್ಗೆ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಪ್ರತಿ ಕುದುರೆಯ ಕಾಲನ್ನೂ ಮೇಲಿಂದ ಕೆಳಗೆ ಅಂಗೈಯಲ್ಲಿ ಸವರುವುದು. ಬಿಸಿ ಇದೆಯಾ, ಊದಿದೆಯಾ, ಮುಟ್ಟಿದರೆ ಎಳೆದುಕೊಳ್ಳುತ್ತದಾ? ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ಊರು ಅದು. ನಮ್ಮ ಮನೆಯಲ್ಲಿ ಮಾತ್ರ ಅಜ್ಜಿಯ ಮಂಡಿಯನ್ನು ಹಾಗೆ ಯಾರೂ ಮುಟ್ಟಿ ನೋಡಲಿಲ್ಲ.

ಕೊನೆಗೆ ಎಕ್ಸ್‌ರೇ ತೆಗೆಸಿದಾಗ "ಸವೆದಿದೆ" ಅಂದರು. ಈ ಮಾತಿನ ಬಗ್ಗೆ ನಿನಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸವೆತ ಅಂದೊಡನೆ ನಮಗೆ ಬಸ್ಸಿನ ಟೈರು ನೆನಪಾಗುತ್ತದೆ, ಓಡಿಸದೆ ನಿಲ್ಲಿಸಿದರೆ ಉಳಿಯುತ್ತದೆ ಅನ್ನಿಸುತ್ತದೆ. ಕೀಲು ಹಾಗಲ್ಲ. ಮೂಳೆಯ ತುದಿಗೆ ಎಳೆ ತೆಂಗಿನಕಾಯಿಯ ತಿರುಳಿನಂತೆ ನುಣುಪಾದ ಮೃದ್ವಸ್ಥಿ ಅಂಟಿಕೊಂಡಿರುತ್ತದೆ. ಅದಕ್ಕೆ ರಕ್ತನಾಳವೇ ಇಲ್ಲ. ಕಾಲು ಮಡಚಿ ಬಿಚ್ಚಿದಾಗ, ಹೆಜ್ಜೆಯ ಭಾರ ಬಿದ್ದು ಎದ್ದಾಗ, ಕೀಲಿನೊಳಗಿನ ದ್ರವ ಅದರೊಳಗೆ ಹೋಗಿಬಂದು ಊಟ ಕೊಡುತ್ತದೆ. ಡಾಕ್ಟರು ಸವೆತ ಅನ್ನುವ ಅಸ್ಥಿಸಂಧಿವಾತದಲ್ಲಿ ಈ ಪದರ ತೆಳ್ಳಗಾಗುತ್ತದೆ, ಅಂಚಿನ ಮೂಳೆ ಬೆಳೆಯುತ್ತದೆ, ಒಳಪೊರೆ ಊದುತ್ತದೆ. ನೋವಿಗೆ ಹೆದರಿ ನಡಿಗೆ ಬಿಟ್ಟರೆ ತೊಡೆಯ ಸ್ನಾಯು ಸೊರಗಿ ಭಾರವೆಲ್ಲ ಕೀಲಿನ ಮೇಲೇ ಬೀಳುತ್ತದೆ. ಎಕ್ಸ್‌ರೇಯಲ್ಲಿ ಬಹಳ ಸವೆದಂತೆ ಕಂಡರೂ ಚೆನ್ನಾಗಿ ನಡೆಯುವವರಿದ್ದಾರೆ.

ನಮಗೆ ಇದು ಗೊತ್ತಿರಲಿಲ್ಲ. ಪ್ರೀತಿಯಿಂದಲೇ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದೆವು, ನೀರಿನ ಲೋಟವನ್ನೂ ಕೈಗೇ ಕೊಟ್ಟೆವು. ಸಾಲದ್ದಕ್ಕೆ ಯಾರೋ ಹೇಳಿದರು ಅಂತ ಪೊಟ್ಟಣದ ಪುಡಿ ತಂದೆವು. ಮೂರೇ ದಿನಕ್ಕೆ ನೋವು ಮಾಯ. ಆರು ತಿಂಗಳಲ್ಲಿ ಮುಖ ದುಂಡಗೆ ಊದಿತು. ಅದರಲ್ಲಿ ಸ್ಟಿರಾಯ್ಡ್ ಇದ್ದಿರಬೇಕು ಎಂದು ಆಮೇಲೆ ಡಾಕ್ಟರು ಹೇಳಿದರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಮೊದಲೇ ಟೊಳ್ಳಾಗುತ್ತಾ ಬರುತ್ತದೆ, ಸ್ಟಿರಾಯ್ಡ್ ಅದನ್ನು ಇನ್ನೂ ಬೇಗ ಟೊಳ್ಳು ಮಾಡುತ್ತದೆ. ಬಚ್ಚಲಲ್ಲಿ ಜಾರಿದ್ದು ಒಂದೇ ಸಲ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಅಲ್ಲಿಂದ ಅವಳು ಎದ್ದು ಓಡಾಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಹೆಸರಿಲ್ಲದ ಪುಡಿ, ಮಾತ್ರೆ ಮನೆಗೆ ತರಬೇಡ. ಅಂಗಡಿಯ ನೋವಿನ ಮಾತ್ರೆಯನ್ನೂ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು.

ಎಲ್ಲ ಕೀಲುನೋವೂ ಒಂದೇ ಅಂತಲೂ ತಿಳಿಯಬೇಡ. ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗಿ, ಓಡಾಡಿದ ಮೇಲೆ, ಅದರಲ್ಲೂ ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲು ಇಳಿಯುವಾಗ ನೋವು ಜಾಸ್ತಿಯಾದರೆ ಸಾಮಾನ್ಯವಾಗಿ ಅಸ್ಥಿಸಂಧಿವಾತ. ಎರಡೂ ಕೈಗಳ ಬೆರಳಿನ ಗೆಣ್ಣು ಊದಿ, ಬಿಗಿತ ಒಂದು ಗಂಟೆ ಮೀರಿದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ನಿನ್ನ ವಯಸ್ಸಿನ ಹುಡುಗಿಯರಿಗೂ ಬರುತ್ತದೆ, ತಡಮಾಡಿದಷ್ಟೂ ಕೀಲು ಹಾಳು. ಕೀಲು ಕೆಂಪಗೆ ಬಿಸಿಯಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಿನ್ನ ಪಾವಗಡದ ಗೆಳೆಯನ ಮನೆಯವರಿಗೆ ಬೆನ್ನು, ಕುತ್ತಿಗೆ ಬಗ್ಗದಿದ್ದರೆ ಮೊದಲು ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಡಲಿ, ನೀರಿನ ಫ್ಲೋರೈಡೂ ಕೀಲನ್ನು ಬಿಗಿಯಾಗಿಸುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಕುಡಿಯುವುದಕ್ಕೆ ಸಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆಯಂತೂ ಎಳೆಯರ ಸೊಂಟ, ಮಂಡಿಗಳನ್ನೇ ಹಿಡಿದಿತ್ತು. ಮೊದಲು ವಿಷವೆಂಬ ಅನುಮಾನ, ಕೊನೆಗೆ ವಂಶವಾಹಿಯ ದೋಷವೆಂದು ಕಂಡಿತು. ವಯಸ್ಸಾಯ್ತು ಅಂದುಬಿಟ್ಟರೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಆಪರೇಷನ್ ಹೆಸರು ಕೇಳಿ ನಿಮ್ಮಮ್ಮ ಹೆದರುತ್ತಾಳೆ. ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿ ಬದಲಾಯಿಸಿಕೊಂಡು ಕೆಲಸಕ್ಕೆ ಮರಳಿದರು ಅಂತ ಹೇಳು. 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಗೆ ಸರ್ಕಾರ ಬೆಲೆಮಿತಿಯನ್ನೂ ಹಾಕಿತು. ಆದರೆ ಆಪರೇಷನ್ ರಾತ್ರಿ ನಿದ್ದೆ ಕೆಡಿಸುವ, ನಡೆಯಲು ಬಿಡದ ನೋವಿಗೆ. ಈಗ ಅವಳಿಗೆ ಬೇಕಾದ್ದು ತೊಡೆಗೆ ಬಲ, ಮೈಗೆ ಸ್ವಲ್ಪ ಹಗುರ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ. ಈಳಿಗೆ ಮಣೆಯನ್ನು ಅಟ್ಟಕ್ಕೆ ಹಾಕಿ, ಎತ್ತರದ ಕಟ್ಟೆಯ ಮೇಲೆ ತರಕಾರಿ ಹೆಚ್ಚಲಿ. ಸಂಜೆ ಸಮತಟ್ಟಾದ ದಾರಿಯಲ್ಲಿ ಅವಳ ಜೊತೆ ನೀನೂ ನಡೆ.

ಈ ಭಾನುವಾರ ಊರಿಗೆ ಹೋದಾಗ ಅವಳ ಎರಡೂ ಮಂಡಿಯ ಮೇಲೆ ಅಂಗೈ ಇಟ್ಟು ನೋಡು. ಒಂದು ಇನ್ನೊಂದಕ್ಕಿಂತ ಬಿಸಿ ಅನ್ನಿಸಿದರೆ ನನಗೆ ಫೋನ್ ಮಾಡು, ಸೋಮವಾರವೇ ಮೂಳೆ ಡಾಕ್ಟರ ಹತ್ತಿರ ಹೋಗೋಣ. ಇಲ್ಲದಿದ್ದರೆ ಚಾಪೆಯ ಬದಲು ಮಂಚದ ಮೇಲೆ ಕೂರಿಸಿ ಕಾಲು ಚಾಚಿಸು. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗೆ ಇಡು, ಮಂಡಿಯಿಂದ ಅದನ್ನು ಅದುಮಿ ಹಿಡಿಯಲಿ. ಐದು ಎಣಿಸುವವರೆಗೆ. ಎಣಿಸುವುದು ನೀನು.

ನಿನ್ನ
ದೊಡ್ಡಮ್ಮ